ಬೀಗತಿ ಬೇಡವೆಂದ ಬಣ್ಣ

ಶಿರಗುಪ್ಪಿಯ ಲಗಮಣ್ಣನ ಅಂಬಾಸಿಡರ್ ಕಾರು ನಿಪ್ಪಾಣಿಗೆ ಹೋಗುವಾಗ ಕಪ್ಪಗಿತ್ತು. ಬರುವಾಗ ಯಾವ ಬಣ್ಣದ್ದಾಗಿತ್ತು ಎಂದು ಕೇಳಿದರೆ ಊರವರು ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಬಿಳಿ ಎನ್ನುವ ಹಾಗಿರಲಿಲ್ಲ, ಹಳದಿ ಎನ್ನುವ ಹಾಗೂ ಇರಲಿಲ್ಲ. ಸುಣ್ಣ ಬಳಿದ ಗೋಡೆಗೆ ಮದುವೆ ಮನೆಯವರೆಲ್ಲ ಬಂದು ಅರಿಷಿಣದ ಕೈ ಒರೆಸಿ ಹೋದ ಹಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗಿರಿಜವ್ವ ಮೊದಲು ಕಾರು ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಬಂದಿತ್ತೆಂದಲ್ಲ. ಬಾಯಿ ಬಿಟ್ಟರೆ ಏನು ಹೊರಬೀಳುತ್ತದೋ ಅವಳಿಗೇ ಭರವಸೆ ಇರಲಿಲ್ಲ.

"ಏನ್ರಿ ಇದು?" ಎಂದಳು ಕೊನೆಗೆ.

"ಬಿಳೇದು," ಎಂದ ಲಗಮಣ್ಣ, ಕಾರಿನಿಂದ ಇಳಿಯದೆ.

"ಇದು ಬಿಳೇದೇನ್ರಿ?"

"ತಳದಾಗ ಬಿಳೇದ ಐತಿ. ಮ್ಯಾಲಿಂದು ಆ ನಿಪ್ಪಾಣಿ ಮಗಂದು ಕೆಲಸ. ಕಳ್ಳ ಸೂಳಿಮಗ, ಕೈಕೊಟ್ಟ. ತೊಳದ್ರ ಹೋಗತೈತಿ ಬಿಡು. ಮೊದಲ ನೀರು ತಾ."

ಗಿರಿಜವ್ವ ತಂಬಿಗೆ ತಂದು ಕಾರಿನ ಕಿಟಕಿಯಲ್ಲಿ ಕೊಟ್ಟಳು. ಆ ಮನೆಯಲ್ಲಿ ಎರಡು ವರ್ಷದಿಂದ ನೀರು ಕೊಡುವ ಪದ್ಧತಿಯೇ ಹಾಗಾಗಿತ್ತು.

ಲಗಮಣ್ಣ ಮೊದಲಿನಿಂದ ಹೀಗಿದ್ದವನಲ್ಲ. ಸೈಕಲ್ ತುಳಿಯುತ್ತಿದ್ದಾಗ ಎಂಥ ಮನುಷ್ಯ! ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವವನು, ಕರೆದವರ ಕಟ್ಟೆಯ ಮೇಲೆಲ್ಲ ಕೂತು ಚಹಾ ಕುಡಿಯುವವನು. ಕಬ್ಬು ಕೈಹಿಡಿಯಿತು, ಅದರ ಬೆನ್ನಿಗೆ ದ್ರಾಕ್ಷಿಯೂ ಒಲಿಯಿತು, ಸಾಂಗಲಿಯ ವಕೀಲನೊಬ್ಬ ಮಾರಲಿಟ್ಟಿದ್ದ ಕಪ್ಪು ಅಂಬಾಸಿಡರ್ ಮನೆಗೆ ಬಂತು. ಅಂದಿನಿಂದ ಲಗಮಣ್ಣನ ಕಾಲು ನೆಲಕ್ಕೆ ಹತ್ತಲಿಲ್ಲ. ಮಾತಿಗೆ ಹೇಳಿದ್ದಲ್ಲ ಇದು, ನಿಜಕ್ಕೂ ಹತ್ತಲಿಲ್ಲ. ಹೊಲಕ್ಕೆ ಹೋದರೆ ಬದುವಿನ ಬದಿಗೆ ಗಾಡಿ ನಿಲ್ಲಿಸಿ ಹಾರನ್ ಹೊಡೆಯುವನು, ಆಳು ಓಡಿಬರಬೇಕು. ಕಿರಾಣಿ ಅಂಗಡಿ ಮುಂದೆ ಹಾರನ್, ಶೇಠಜಿಯೇ ಬೆಲ್ಲದ ಪೊಟ್ಟಣ ಹಿಡಿದು ಮೆಟ್ಟಿಲಿಳಿಯಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಪುಣ್ಯಕ್ಕೆ ಕೊಡೆಗೆ ಹಾರನ್ ಇರುವುದಿಲ್ಲ.

ಈ ಹಾರನ್ ಹೊಡೆದುಕೊಂಡೇ ಅವನು ಹಿಂದಿನ ನಾಗರಪಂಚಮಿಗೆ ಮಗಳು ಶೇವಂತಾಳನ್ನು ಕರೆತರಲು ಅಥಣಿಗೆ ಹೋಗಿದ್ದ. ಹೊಸದಾಗಿ ಮದುವೆಯಾದ ಮಗಳು, ಮೊದಲ ಪಂಚಮಿ. ಗಿರಿಜವ್ವ ಉಂಡಿ ಕಟ್ಟಿ, ತೊಲೆಗೆ ಜೋಕಾಲಿ ಹಾಕಿಸಿ ಕಾಯುತ್ತಿದ್ದಳು. ಗಾಡಿ ಬಂತು, ಒಳಗೆ ಮಗಳಿರಲಿಲ್ಲ. "ಕರೇ ಗಾಡ್ಯಾಗ ನಮ್ಮ ಸೊಸಿ ಹತ್ತಂಗಿಲ್ಲ, ಶನಿ ಬಣ್ಣ" ಎಂದು ಬೀಗತಿ ಕೆಂಪವ್ವ ಆಳಿನ ಕೈಲಿ ಹೇಳಿಕಳಿಸಿದ್ದಳಂತೆ. ಬೀಗತಿ ತಾನೂ ಹೊರಗೆ ಬರಲಿಲ್ಲ, ಇವನೂ ಒಳಗೆ ಹೋಗಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ಗಾಡಿ ತಿರುಗಿಸಿಕೊಂಡು ಬಂದ. ಆ ವರ್ಷ ಜೋಕಾಲಿಯಲ್ಲಿ ಪಕ್ಕದ ಮನೆಯ ಮಕ್ಕಳು ಆಡಿದರು, ಗಿರಿಜವ್ವ ಒಳಗೆ ಕೂತು ಉಂಡಿ ಹಂಚಿದಳು.

ಈಗ ಶೇವಂತಾಗೆ ಏಳು ತಿಂಗಳು. ಸೋಮವಾರ ಅಥಣಿಯಲ್ಲಿ ಕುಬಸ, ಅಂದರೆ ಸೀಮಂತ. ತವರಿನವರು ಹಸಿರು ಸೀರೆ, ಹಸಿರು ಕುಬಸ, ಬುತ್ತಿ ತಗೊಂಡು ಹೋಗಿ, ಮಗಳಿಗೆ ಉಡಿಸಿ, ಉಣಿಸಿ, ಬಾಣಂತನಕ್ಕೆ ಮನೆಗೆ ಕರೆದುಕೊಂಡು ಬರಬೇಕು. ಕೆಂಪವ್ವ ಮತ್ತೆ ಹೇಳಿಕಳಿಸಿದ್ದಳು: "ಕುಬಸಕ್ಕ ಬರ್ರಿ. ಆದ್ರ ಕರೇ ಗಾಡಿ ಬಂತಂದ್ರ ಸೊಸಿ ಹೊಸ್ತಿಲಾ ದಾಟಂಗಿಲ್ಲ, ಇಲ್ಲೇ ಹಡೀತಾಳ."

ಇದನ್ನು ಕೇಳಿದ್ದೇ ಗಿರಿಜವ್ವ, ಎಸ್‌ಟಿ ಬಸ್ಸಿಗೆ ಹೋಗೋಣ ಎಂದಳು. "ಬಸಿರಿ ಮಗಳನ್ನ ಬಸ್ಸಿನಾಗ ಕುಲುಕಿಸಿ ತರಾಕ ನಾ ಏನ ಗತಿಗೆಟ್ಟೀನೇನು?" ಎಂದು ಲಗಮಣ್ಣ ಎಗರಿಬಿದ್ದ. ಬಣ್ಣ ತಾನೆ, ಬದಲು ಮಾಡಿದರಾಯಿತು. ಮಿರಜಿನವರು ತಿಂಗಳು ಬೇಕೆಂದರು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿಗಳ ಲಾರಿಗಳಿಗೆ ಬಣ್ಣ ಹೊಡೆಯುವ ಭರಮು ಎಂಬವನು ವಾರದಲ್ಲಿ ಕೊಡುತ್ತೇನೆಂದ. ಲಗಮಣ್ಣನಿಗೆ ಅವನೇ ದೇವರಾಗಿ ಕಂಡ. ಈಗ ಅದೇ ಬಾಯಿಂದ ಸೂಳಿಮಗನಾಗಿದ್ದ.

ಮರುದಿನ ಬೆಳಿಗ್ಗೆ ಗಿರಿಜವ್ವ ಎಮ್ಮೆ ಹಿಂಡಿಕೊಂಡು ಹೊರಬರುವಷ್ಟರಲ್ಲಿ ಲಗಮಣ್ಣ ಬಾವಿಯ ಹತ್ತಿರ ಧೋತರ ಮೇಲೆ ಕಟ್ಟಿಕೊಂಡು ಕಾರು ತೊಳೆಯುತ್ತಿದ್ದ. ಬಕೆಟ್ಟಿನಲ್ಲಿ ಬಟ್ಟೆ ಒಗೆಯುವ ಸೋಡಾ ಕಲಸಿ, ತೆಂಗಿನ ನಾರಿನಿಂದ ಗಸಗಸ ತಿಕ್ಕುತ್ತಿದ್ದ. ತಿಕ್ಕಿದಲ್ಲೆಲ್ಲ ಹಳದಿ ಹೋಗಿ ಕೆಂಪಾಗುತ್ತಿತ್ತು. ಕೆಂಪಾದಷ್ಟೂ ಅವನು ಇನ್ನಷ್ಟು ಸೋಡಾ ಹಾಕುತ್ತಿದ್ದ. ಬಾನೆಟ್ಟಿನಿಂದ ರಕ್ತದಂಥ ನೀರು ಇಳಿದು, ಕೋಣ ಕಡಿದ ಜಾಗದಂತೆ ಬಾವಿಕಟ್ಟೆ ಕಾಣುತ್ತಿತ್ತು.

"ನಿಲ್ಲಸ್ರಿ!" ಎಂದು ಗಿರಿಜವ್ವ ಹಾಲಿನ ಕೊಡ ಕೆಳಗಿಟ್ಟು ಕೂಗಿದಳು. "ಆರತಿ ನೀರು ಹ್ಯಾಂಗ ಮಾಡತಾರ ನಿಮಗ ಗೊತ್ತೇನ್ರಿ?"

"ನನಗ್ಯಾಕ ಗೊತ್ತಿರಬೇಕು? ನಾ ಆರತಿ ಎತ್ತಿಸಿಕೊಳ್ಳಾಂವ."

"ಅರಿಷಿಣದ ನೀರಾಗ ಸುಣ್ಣ ಕಲಸತಾರ. ಸುಣ್ಣ ಬಿತ್ತಂದ್ರ ಕೆಂಪ ಆಗತೈತಿ. ಸೋಡಾ ಬಿದ್ರೂ ಕೆಂಪ ಆಗತೈತಿ. ಹುಟ್ಟಿದಾಗಿಂದ ನಿಮ್ಮ ಮಾರಿ ಮುಂದ ಎಷ್ಟ ಸಲ ಎತ್ಯಾರ, ಒಮ್ಮೆರ ತಾಟಿನ್ಯಾಗ ಬಗ್ಗಿ ನೋಡಿದ್ರೇನು?"

ಲಗಮಣ್ಣ ನಾರು ಹಿಡಿದ ಕೈಯನ್ನೇ ನೋಡಿಕೊಂಡ. ಕೈಯೂ ಕೆಂಪಾಗಿತ್ತು.

"ಅದಿರಲಿ," ಎಂದಳು ಗಿರಿಜವ್ವ, ದನಿ ಇಳಿಸಿ. ಅವಳು ದನಿ ಇಳಿಸಿದಳೆಂದರೆ ಮನೆಯ ಬೆಕ್ಕೂ ಎದ್ದು ಹೋಗುತ್ತಿತ್ತು. "ಗಾಡಿ ಮ್ಯಾಲ ಅರಿಷಿಣ ಎಲ್ಲಿಂದ ಬಂತು?"

"ನಿಪ್ಪಾಣಿ ಧೂಳದಾಗ ಇರತೈತಿ."

"ನಿಪ್ಪಾಣಿ ಧೂಳದಾಗ ತಂಬಾಕು ಇರತೈತಿ. ಅರಿಷಿಣ ಸಾಂಗಲಿಯಾಗ ಇರತೈತಿ. ನಡೀರಿ, ಗಾಡಿ ಚಾಲೂ ಮಾಡ್ರಿ. ನಾನೂ ಬರತೀನಿ. ಆ ಭರಮೂನ್ನ ನಾ ಕೇಳತೀನಿ."

ಲಗಮಣ್ಣ ಬೇಡವೆಂದ. ಹೆಂಗಸರು ಗ್ಯಾರೇಜಿಗೆ ಬರುವುದು ಚೆನ್ನಾಗಿರುವುದಿಲ್ಲ ಎಂದ, ಎಮ್ಮೆಗೆ ಮೇವು ಹಾಕುವವರು ಯಾರು ಎಂದ, ಡಿಸೇಲು ಕಡಿಮೆ ಇದೆ ಎಂದ. ಆ ಕಾರಿಗೆ ಹಾಕುತ್ತಿದ್ದದ್ದು ಪೆಟ್ರೋಲು. ಗಿರಿಜವ್ವ ಸೀರೆ ಬದಲಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು.

ಭರಮುನ ಗ್ಯಾರೇಜು ಎಂದರೆ ನಾಲ್ಕು ತಗಡು, ಒಂದು ಕಂಪ್ರೆಸರ್, ಮೇಲೊಂದು ಹರಿದ ತಾಡಪತ್ರಿ. ಅದಕ್ಕೆ ಅಂಟಿಕೊಂಡೇ ತಂಬಾಕಿನ ವಖಾರಿ. ಅಲ್ಲಿ ಹೆಣ್ಣುಮಕ್ಕಳು ತಂಬಾಕು ಕುಟ್ಟಿ, ಸಾಣಿಸಿ, ಹಸನು ಮಾಡುತ್ತಿದ್ದರೆ ಧೂಳು ಮೋಡದ ಹಾಗೆ ಎದ್ದು ಗೋಡೆ ದಾಟುತ್ತಿತ್ತು. ಇಳಿಯುತ್ತಿದ್ದಂತೆ ಗಿರಿಜವ್ವ ಸಾಲಾಗಿ ಸೀನಿದಳು. ಭರಮು ಸಣಕಲು ಆಸಾಮಿ, ಬಾಯಲ್ಲಿ ಬೀಡಿ. ಸುತ್ತ ಥಿನ್ನರ್ ಡಬ್ಬಿಗಳಿದ್ದರೂ ಅವನಿಗೆ ಸಾವಿನ ಹೆದರಿಕೆ ಇದ್ದಂತಿರಲಿಲ್ಲ. ಅವನ ಹುಬ್ಬಿಗೆ ಯಾವ ಬಣ್ಣ ಹತ್ತಿದೆ ಎಂದು ನೋಡಿದರೆ ಸಾಕು, ಆ ವಾರ ಎಂಥ ಗಾಡಿ ಬಂದಿತ್ತೆಂದು ಹೇಳಬಹುದಿತ್ತು. ಇವತ್ತು ಅವನ ಹುಬ್ಬು ಇನ್ನೂ ಬಿಳಿ.

"ಯಾ ಪಾವ್ಣ ಯಾ," ಎಂದು ಮರಾಠಿಯಲ್ಲಿ ಲಗಮಣ್ಣನನ್ನು ಬರಮಾಡಿಕೊಂಡವನು ಕಾರು ನೋಡಿ ಬೀಡಿ ತೆಗೆದ. "ಅರೇ ದೇವಾ! ಕೆಂಪ ಯಾರ ಹೊಡದ್ರು ಇದಕ್ಕ?"

"ಅದನ್ನ ಕೇಳಾಕ ಬಂದೀನಿ ನಾ," ಎಂದಳು ಗಿರಿಜವ್ವ. "ಎಂಥಾ ಬಣ್ಣ ಹಚ್ಚೀಯೋ ನೀ? ಕೈಯಾಡಿಸಿ ನೋಡು. ಉಸುಕಿನ ಕಾಗದ ಇದ್ದಾಂಗ ಐತಿ. ಇಲ್ಲಿ ನೋಡು, ಬಣ್ಣ ಇಳದು ಇಳದು ಮೇಣಬತ್ತಿ ಆಗೇತಿ. ಬಾಗಲಾ ತಗದ್ರ ಸಂದಿನ್ಯಾಗ ಕರೇದು ಹಂಗ ಕುಂತೈತಿ. ನಿನ್ನ ಮನ್ಯಾಗ ಅಕ್ಕ ತಂಗೇರಿಲ್ಲೇನು? ಬಸಿರಿ ಮಗಳನ್ನ ತರೂ ಗಾಡಿ ಐತಿದು!"

ಭರಮು ವಾದಕ್ಕೆ ನಿಲ್ಲಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು ಕೈಮುಗಿದ.

"ಅವ್ವಾರ, ತಂಬಾಕು ನಂದು, ಒಪ್ಪತೀನಿ. ಗಾಳಿ ಬೀಸತು, ಹಸೀ ಬಣ್ಣದಾಗ ಕುಂತತು. ಮೇಣಬತ್ತೀನೂ ನಂದ. ಅವತ್ತ ಕೈ ಸ್ವಲ್ಪ ಜಡ ಇತ್ತು, ಹಿಂದಿನ ದಿನ ಪಾರ್ಟಿ ಆಗಿತ್ತು. ಸಂದಿನ್ಯಾಗಿಂದ ಕರೇದೂ ನಂದ, ಯಾರ ನೋಡತಾರ ಅಂತ ಬಿಟ್ಟೆ. ಆದ್ರ ಈ ಅರಿಷಿಣ, ಈ ಭಂಡಾರ ನಂದಲ್ರಿ."

"ಯಾವ ಭಂಡಾರ?"

ಲಗಮಣ್ಣ ಕೆಮ್ಮಿದ. ವಖಾರಿಯ ಧೂಳಿಗೆ ಕೆಮ್ಮಿದನೆಂದು ಯಾರೂ ತಿಳಿಯಲಿಲ್ಲ.

"ಸಾಹುಕಾರ್ರು ಹೇಳಿಲ್ಲೇನ್ರಿ?" ಎಂದು ಭರಮು ಉತ್ಸಾಹದಿಂದ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಬಣ್ಣ ಹಸೀ ಐತಿ, ಬೆರಳ ಹಚ್ಚಿದ್ರ ಬೆರಳ ಮೂಡತೈತಿ, ಎರಡ ದಿನ ಬಿಡ್ರಿ ಅಂದೆ. ಇವರು ಇವತ್ತ ಒಯ್ತೀನಿ ಅಂದ್ರು. ಒಯ್ಯರಿ, ಆದ್ರ ಮುಟ್ಟಬ್ಯಾಡ್ರಿ ಅಂದೆ. 'ಮನಿದೇವರು ಲಗಮವ್ವನ ಭಂಡಾರ ಬೀಳಲಾರದ ಗಾಡಿ ನಾ ಹೊಳಿ ದಾಟಸೂದಿಲ್ಲ' ಅಂದ್ರು. ಆತು, ದೇವರ ಮಾತು, ಗಾಲಿಗೆ ಒಂದ ಚಿಟಕಿ ಹಾಕ್ರಿ ಅಂದೆ. ಇವರು ಚೀಲಾನ ತಗದ್ರು! 'ಲಗಮವ್ವನ ಹೆಸರಲೆ ಚಾಂಗಭಲೋ' ಅಂತ ಮ್ಯಾಲ ಒಂದ ಬೊಗಸಿ, ಮುಂದ ಒಂದ ಬೊಗಸಿ, ಡಿಕ್ಕಿ ಮ್ಯಾಲ ಒಂದ ಬೊಗಸಿ. ನನ್ನ ತಲಿ ಮ್ಯಾಲೂ ಒಂದ ಬೊಗಸಿ ಒಗದ್ರು. ನಾ ಜಳಕ ಮಾಡಿದೆ, ಹೋತು. ಗಾಡೀದು ಬಣ್ಣದಾಗ ಇಳದ ಕುಂತತಿ."

ಗಿರಿಜವ್ವ ಗಂಡನ ಕಡೆ ತಿರುಗಿದಳು. "ಖರೇ ಏನ್ರಿ?"

"ದೇವರ ಕೆಲಸದಾಗ ಚಿಟಕಿ ಲೆಕ್ಕ ಹಿಡಿಯಾಕ ಬರತೈತೇನಬೇ?" ಎಂದ ಲಗಮಣ್ಣ, ವಖಾರಿಯ ತಗಡಿನ ಕಡೆ ನೋಡುತ್ತ. "ಕರೇ ಬಣ್ಣದ ಮ್ಯಾಲ ಎರಡ ವರ್ಷ ಹಾಕೀನಿ. ಒರಿಸಿದ್ರ ಹೋಗತಿತ್ತು."

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವನು ನೆಲದ ಜೊತೆ ದೇವರನ್ನೂ ಡೊಂಕು ಮಾಡಿಟ್ಟಿದ್ದ. ಗಿರಿಜವ್ವನಿಗೆ ಅಲ್ಲೇ ಅವನ ಟೊಪ್ಪಿಗೆ ಕಿತ್ತು ಥಿನ್ನರ್ ಡಬ್ಬಿಯಲ್ಲಿ ಅದ್ದಬೇಕೆನಿಸಿತು. ಹೊರಗಿನವನ ಮುಂದೆ ಬೇಡವೆಂದು ಹಲ್ಲು ಕಚ್ಚಿ ಭರಮುವನ್ನೇ ಕೇಳಿದಳು.

"ಆಗಿದ್ದು ಆತು. ಸೋಮವಾರದೊಳಗ ಬಿಳೇದು ಮಾಡಿ ಕೊಡತೀಯೋ ಇಲ್ಲೋ?"

"ಇದನ್ನೆಲ್ಲ ಬುಡತನಕ ಕೆರದು, ಪುಟ್ಟಿ ಹಚ್ಚಿ, ತಿರಗಿ ಹೊಡೀಬೇಕ್ರಿ. ಹತ್ತು ದಿನರ ಬೇಕು. ಮ್ಯಾಲ ಹೊಡದೆ ಅಂದ್ರ ಅರಿಷಿಣ ಒಡದು ಹೊರಗ ಬರತೈತಿ." ಭರಮು ತಲೆ ಕೆರೆದುಕೊಂಡ. "ಸೋಮವಾರದೊಳಗ ಬೇಕಂದ್ರ ಒಂದ ಹಾದಿ ಐತಿ."

"ಹೇಳೋ ನಮ್ಮಪ್ಪ."

"ಕರೇದ ಹೊಡದ ಕೊಡತೀನಿ. ಕರೇದರಾಗ ಎಲ್ಲಾ ಮುಚ್ಚತೈತ್ರಿ. ತಂಬಾಕು, ಭಂಡಾರ, ಮೇಣಬತ್ತಿ, ಏನೂ ಕಾಣಂಗಿಲ್ಲ. ಅಗದೀ ಫಸ್ಟ್‌ಕ್ಲಾಸ್."

ಗಿರಿಜವ್ವ ಒಂದು ಖಾಲಿ ಡಬ್ಬಿಯ ಮೇಲೆ ಕೂತುಬಿಟ್ಟಳು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡರಲ್ಲಿ ಅಳು ಮುಂದಾಯಿತು. ಹೆಣ್ಣುಮಗಳು ಅತ್ತದ್ದು ಕಂಡು ಭರಮು ಗಾಬರಿಯಾಗಿ ಓಡಾಡಿದ, ಚಹಾ ತರಿಸಿದ, ಬಟ್ಟೆಗೆ ಪಾಲಿಶ್ ಹಚ್ಚಿ ಕಾರನ್ನು ಗಂಟೆಗಟ್ಟಲೆ ತಿಕ್ಕಿದ. ತಿಕ್ಕಿದ್ದರಿಂದ ಒಂದು ಉಪಕಾರವಾಯಿತು: ಹಳದಿ, ಕೆಂಪು ಎರಡೂ ಮಿರಿಮಿರಿ ಮಿಂಚತೊಡಗಿದವು.

ಹೊಳ್ಳಿ ಬರುವಾಗ ಚಿಕ್ಕೋಡಿ ದಾಟುವವರೆಗೆ ಗಿರಿಜವ್ವ ಮಾತಾಡಲಿಲ್ಲ. ಚಿಕ್ಕೋಡಿ ದಾಟಿದ ಮೇಲೆ ನಿಲ್ಲಿಸಲಿಲ್ಲ. ಗಂಡನ ಬುದ್ಧಿ, ಗಂಡನ ಗಾಡಿ, ಗಂಡನ ವಂಶ, ಆ ಗಾಡಿ ಮಾರಿದ ವಕೀಲ, ಯಾರನ್ನೂ ಬಿಡಲಿಲ್ಲ. ರಾಯಬಾಗ ಬರುವ ಹೊತ್ತಿಗೆ ಬೈಗುಳ ಮುಗಿದಿತ್ತು.

"ನನ್ನ ಚೊಚ್ಚಲ ಹೆರಿಗಿ ನಿಮ್ಮ ಮನ್ಯಾಗ ಆತು," ಎಂದಳು. "ನಮ್ಮಪ್ಪ ನಿಮ್ಮಪ್ಪ ಮದುವ್ಯಾಗ ಮಾನಪಾನಕ್ಕ ಜಗಳಾಡಿದ್ರು, ನನ್ನ ತವರಿಗೆ ಕಳಸಲಿಲ್ಲ. ಬ್ಯಾನಿ ಎದ್ದಾಗ ನಾ ಅವ್ವಾ ಅವ್ವಾ ಅಂತ ಒದರಿದ್ರ ನಿಮ್ಮವ್ವ ಬಂದು, 'ನಾ ಇಲ್ಲೇ ಅದೀನೆಲ್ಲ' ಅಂದ್ಳು. ಇದ್ಳು, ಇಲ್ಲಂತ ಅನ್ನಂಗಿಲ್ಲ. ಆದ್ರ ನನ್ನವ್ವ ಇರಲಿಲ್ಲ. ನನ್ನ ಮಗಳು ಒದರಿದ್ರ ನಾ ಇರಬೇಕ್ರಿ. ನಂದೇನ ದೊಡ್ಡ ಆಸೆ ಐತೇನು? ನಿಮ್ಮ ಗಾಡಿಗೆ ಬೆಂಕಿ ಬೀಳಲಿ, ನನಗ ನನ್ನ ಮಗಳು ಬೇಕು."

ಕುಡಚಿ ಸೇತುವೆ ಬಂತು. ಕೃಷ್ಣೆ ತುಂಬಿ ಹರಿಯುತ್ತಿದ್ದಳು. ರೂಢಿಯ ಪ್ರಕಾರ ಲಗಮಣ್ಣನ ಕೈ ಭಂಡಾರದ ಚೀಲಕ್ಕೆ ಹೋಯಿತು. ಗಿರಿಜವ್ವ ನೋಡಿದಳು. ಕೈ ತೆಪ್ಪಗೆ ಸ್ಟೇರಿಂಗಿಗೆ ವಾಪಸು ಬಂತು.

ಸೋಮವಾರ ನಸುಕಿನಲ್ಲೇ ಬುತ್ತಿ ಸಿದ್ಧವಾಯಿತು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಚಕ್ಕಲಿ, ಐದು ತರದ ಉಂಡಿ. ಹಸಿರು ಸೀರೆಯ ಗಂಟನ್ನು ಗಿರಿಜವ್ವ ಮಡಿಲಲ್ಲೇ ಇಟ್ಟುಕೊಂಡಳು. ಗಾಡಿಯನ್ನು ಯಾರೂ ನೋಡದ ಹೊತ್ತಿಗೆ ಊರು ದಾಟಿಸಬೇಕೆಂಬ ಲಗಮಣ್ಣನ ಯೋಚನೆ ಕಾಗವಾಡದ ಕ್ರಾಸಿನಲ್ಲಿ ಕೆಟ್ಟಿತು. ಕುರಿಹಿಂಡು ರಸ್ತೆಗೆ ಅಡ್ಡ ನಿಂತಿತ್ತು. ಹಿಂಡಿನ ಮುದುಕ ಕಾರು ನೋಡಿದವನೇ ಕಂಬಳಿ ಕೆಳಗಿಟ್ಟು, ಬಾನೆಟ್ಟಿಗೆ ಹಣೆ ಹಚ್ಚಿ, ಒಂದು ನಾಣ್ಯ ಇಟ್ಟ. ಆಮೇಲೆ ಭಂಡಾರ ಹಚ್ಚಿಕೊಳ್ಳಲೆಂದು ಬೆರಳಿನಿಂದ ಬಾನೆಟ್ ಉಜ್ಜಿದ. ಬೆರಳಿಗೆ ಏನೂ ಬರಲಿಲ್ಲ. ಇನ್ನೊಮ್ಮೆ ಉಜ್ಜಿದ.

"ಭಾಳ ಕಡಕ್ ದೇವರು," ಎಂದು ಹೆದರಿ, ಹಿಂಡನ್ನು ಬದಿಗೆ ಸರಿಸಿದ.

ಲಗಮಣ್ಣನ ಮುಖ ಅರಳಿತು. "ನೋಡಿದೇನ? ಬೀಗತಿಗೆ ಹಿಂಗ ಹೇಳಿದ್ರಾತು. ಲಗಮವ್ವ ತಾನಾಗೇ ಗಾಡಿ ಮ್ಯಾಲ ಮೂಡ್ಯಾಳ. ದೇವರು ಬಂದ ಗಾಡಿಗೆ ಯಾರ ಬ್ಯಾಡ ಅಂತಾರ?"

"ಆ ಮುದುಕಾ ಆರತಿ ನೀರು ಕಲಸಿಲ್ಲ. ಕೆಂಪವ್ವ ಕಲಸ್ಯಾಳ," ಎಂದಳು ಗಿರಿಜವ್ವ. "ನಿಮ್ಮ ಲಗಮವ್ವ ಸೋಡಾದಾಗ ಮೂಡ್ಯಾಳ ಅಂತ ಒಂದ ನೋಟಕ್ಕ ಹೇಳತಾಳ. ಬಣ್ಣ ಕೆಡಿಸಿದ್ದು ಸಾಲದಂತ ಸುಳ್ಳೂ ಹೇಳಿ ನನ್ನ ಮಗಳನ್ನ ಅಲ್ಲೇ ಇಟ್ಟ ಬರ್ರಿ."

ಅರಳಿದ ಮುಖ ಅಥಣಿ ಹತ್ತಿರ ಬಂದಂತೆಲ್ಲ ಬಾಡುತ್ತ ಬಂತು. ಎದುರು ಬಂದ ಲಾರಿಯವರು ಕೈಮುಗಿದರು, ಬಸ್ಸಿನ ಕಿಟಕಿಗಳಲ್ಲಿ ಹಲ್ಲು ಕಂಡವು. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಲಗಮಣ್ಣ ಒಂದು ದೊಡ್ಡ ಹುಣಸೆಮರದ ಹಿಂದೆ ಗಾಡಿ ನುಗ್ಗಿಸಿ ನಿಲ್ಲಿಸಿದ.

"ಇಳಿ," ಎಂದ.

"ಇಲ್ಲ್ಯಾಕ?"

"ನಡಕೋಂತ ಹೋಗೂನು. ಈ ಮಾರಿ ತಗೊಂಡು ಬೀಗರ ಓಣ್ಯಾಗ ಹಾರನ್ ಹೊಡೀಲೇನು? ಜನಾ ತೆಂಗಿನಕಾಯಿ ಒಡೀತಾರ. ಮೊದಲ ಹೋಗಿ ಕುಬಸ ಮುಗಸೂನು, ಆಮ್ಯಾಲಿಂದು ಆಮ್ಯಾಲ."

ಎರಡು ವರ್ಷದಲ್ಲಿ ಮೊದಲ ಸಲ ಲಗಮಣ್ಣ ಒಬ್ಬರ ಮನೆಗೆ ನಡೆದು ಹೋಗಲು ಗಾಡಿಯಿಂದ ಇಳಿದಿದ್ದ. ಗಿರಿಜವ್ವ ಬುತ್ತಿಯ ಬುಟ್ಟಿ ಎತ್ತಲು ಹೋದಳು, ಮೊಣಕಾಲು ಹಿಡಿಯಿತು. ಅವನು ಟೊಪ್ಪಿಗೆ ಸರಿಮಾಡಿಕೊಂಡು, ವಸ್ತ್ರ ಸುತ್ತಿ ಸಿಂಬಿ ಮಾಡಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತ. ಕಾರಿನ ಪೆಡಲಿಗಷ್ಟೇ ರೂಢಿಯಾಗಿದ್ದ ಚಪ್ಪಲಿ ಬಜಾರು ಬರುವಷ್ಟರಲ್ಲಿ ಕಚ್ಚತೊಡಗಿತು. ಅಡತಿ ಅಂಗಡಿಯವನೊಬ್ಬ, "ಏನ್ರಿ ಲಗಮಣ್ಣ, ಗಾಡಿ ಮಾರಿದ್ರೇನು?" ಎಂದು ಕೂಗಿದ. ಲಗಮಣ್ಣ ಕೇಳಿಸದವನಂತೆ ಕುಂಟುತ್ತ ನಡೆದ. ಬುಟ್ಟಿಯ ಕೆಳಗೆ ಅವನ ಕುತ್ತಿಗೆಯ ಬೆವರು ನೋಡಿ ಗಿರಿಜವ್ವನಿಗೆ ಅಷ್ಟು ಸಿಟ್ಟಿನಲ್ಲೂ ಅಯ್ಯೋ ಪಾಪ ಅನಿಸಿತು.

ಕೆಂಪವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ದೊಡ್ಡ ಹೆಂಗಸು, ದೊಡ್ಡ ಕುಂಕುಮ, ಮಾತು ಕಮ್ಮಿ. ಓಣಿಯ ತಿರುವಿನಲ್ಲಿ ಬುಟ್ಟಿ ಹೊತ್ತು ಬರುತ್ತಿದ್ದವನನ್ನು ಮೊದಲು ಆಳೆಂದುಕೊಂಡಳು. ಗುರುತು ಹತ್ತಿದ್ದೇ ಮೊರ ಬಿಟ್ಟು ಎದ್ದಳು. ಸೊಸೆಯನ್ನು ಕರೆಯಲಿಲ್ಲ, ಆಳನ್ನು ಕರೆಯಲಿಲ್ಲ. ತಾನೇ ಒಳಗೆ ಹೋಗಿ ತಾಮ್ರದ ಚರಿಗೆಯಲ್ಲಿ ನೀರು ತಂದು ಲಗಮಣ್ಣನ ಮುಂದೆ ಹಿಡಿದಳು.

"ತಗೋರಿ ಬೀಗರ, ಕಾಲಿಗೆ ನೀರು," ಎಂದಳು. "ಹ್ವಾದ ಪಂಚಮಿಯಿಂದ ಹಿಡಕೊಂಡೀನಿ ಈ ಚರಗಿ. ಇವತ್ತ ನೀರು ಕೊಡಾಕ ಕಾಲು ಸಿಕ್ಕಾವು."

ಗಿರಿಜವ್ವನಿಗೆ ಎಲ್ಲ ಅರ್ಥವಾಯಿತು. ನಿಂತಲ್ಲೇ ಮುಖ ಕೆಂಪಾಯಿತು. ಲಗಮಣ್ಣನಿಗೆ ಏನೂ ಅರ್ಥವಾಗಲಿಲ್ಲ. ಅವನು ಕಾಲು ತೊಳೆಯುತ್ತ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒದರಿಬಿಟ್ಟ.

"ಬೀಗತೇರ, ಗಾಡಿ ಕರೇದು ಉಳದಿಲ್ರಿ. ಬಿಳೇದು ಹೊಡಸೀನಿ. ಅಂದ್ರ ಅಗದೀ ಬಿಳೇದು ಅಂತಲ್ಲ. ಸ್ವಲ್ಪ ಹೆಚ್ಚುಕಮ್ಮಿ ಆಗೇತಿ. ಆದ್ರ ಕರೇದಂತೂ ಅಲ್ಲ."

"ಬಣ್ಣದ ಮಾತು ಯಾರ ಕೇಳ್ಯಾರ?"

"ನೀವ ಹೇಳಿದ್ರೆಲ್ರಿ, ಶನಿ ಬಣ್ಣ ಅಂತ!"

ಕೆಂಪವ್ವ ಚರಿಗೆ ಕೆಳಗಿಟ್ಟಳು. "ಮತ್ತೇನ ಹೇಳಬೇಕಿತ್ರಿ? ಪಂಚಮಿಗೆ ಬಂದ್ರಿ, ಬಾಗಲಾ ಮುಂದ ನಿಂತು ಹಾರನ್ ಹೊಡದ್ರಿ. ನಾ ಚರಗಿ ತುಂಬಿಕೊಂಡು ಹೊಸ್ತಿಲದಾಗ ನಿಂತಿದ್ದೆ. ನೀವು ಇಳೀಲಿಲ್ಲ, ಇನ್ನೊಮ್ಮೆ ಹೊಡದ್ರಿ. ಆಳ ಮಗನ್ನ ಕರದಾಂಗ ನನ್ನ ಸೊಸಿನ್ನ ಕರದ್ರಿ. ಹೆಣ್ಣ ಕೊಟ್ಟ ಬೀಗರಿಗೆ 'ನಿಮ್ಮದು ತಪ್ಪೈತಿ' ಅಂತ ಹೇಳೂ ಪದ್ಧತಿ ನಮ್ಮಲ್ಲಿ ಇಲ್ಲ. ಅದಕ್ಕ ಗಾಡೀದು ತಪ್ಪು ಅಂದೆ."

ಲಗಮಣ್ಣನ ಕಾಲಿನಿಂದ ನೀರು ಸೋರುತ್ತಿತ್ತು. ಅವನು ಒರೆಸಿಕೊಳ್ಳುವು‌ದನ್ನೂ ಮರೆತು ನಿಂತಿದ್ದ. ಕೊನೆಗೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೊಲಸ ಕೆಲಸ ಮಾಡೀನ್ರಿ," ಎಂದ ಸಣ್ಣ ದನಿಯಲ್ಲಿ.

"ಹೋಗ್ಲಿ ಬಿಡ್ರಿ. ಒಳಗ ಬರ್ರಿ, ಚಹಾ ಆರತೈತಿ."

ಒಳಗಿನಿಂದ ಶೇವಂತಾ ಬಂದಳು, ಹೊಟ್ಟೆ ಮುಂದೆ, ತಾನು ಹಿಂದೆ. ಗಿರಿಜವ್ವ ಗಂಟನ್ನು ಅಲ್ಲೇ ಬಿಟ್ಟು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅತ್ತೂ ಆಯಿತು, ನಕ್ಕೂ ಆಯಿತು. ಹಸಿರು ಸೀರೆ ಉಡಿಸಿದರು, ಬಳೆ ತೊಡಿಸಿದರು, ಬುತ್ತಿ ಬಿಚ್ಚಿ ಓಣಿಗೆಲ್ಲ ಹಂಚಿದರು. ಆರತಿ ಮಾಡುವಾಗ ಲಗಮಣ್ಣ ಹತ್ತಿರ ಬಂದು ತಾಟಿನಲ್ಲಿ ಬಗ್ಗಿ ನೋಡಿದ. ಏನು ಹುಡುಕುತ್ತಿದ್ದಾನೆಂದು ಗಿರಿಜವ್ವನಿಗೆ ಮಾತ್ರ ತಿಳಿಯಿತು.

ಊಟವಾಗಿ ಹೊರಡುವ ಹೊತ್ತಾಯಿತು. "ಬಸಿರಿ ಹೆಣ್ಣಮಗಳನ್ನ ನಡಸಬ್ಯಾಡ್ರಿ, ಗಾಡಿ ಎಲ್ಲೈತಿ ತರ್ರಿ," ಎಂದಳು ಕೆಂಪವ್ವ. ಲಗಮಣ್ಣ ಗಂಟಲಲ್ಲಿ ಹೋಳಿಗೆ ಸಿಕ್ಕವನಂತೆ ಹೆಂಡತಿಯನ್ನು ನೋಡಿದ. ಬೇರೆ ದಾರಿ ಇರಲಿಲ್ಲ. ಹುಣಸೆಮರದವರೆಗೆ ಕುಂಟಿಕೊಂಡು ಹೋದ.

ಗಾಡಿ ಓಣಿಗೆ ಬರುವ ಮೊದಲೇ ಅದರ ಹಿಂದೆ ನಾಯಿ, ಜನ ಎಲ್ಲ ಕೂಡಿಕೊಂಡು ಬಂದವು. ಮೇಲುಗಡೆ ಹಳದಿ, ಪಕ್ಕಕ್ಕೆ ಕೆಂಪು, ಅಲ್ಲಲ್ಲಿ ಬಿಳಿ, ಬಾಗಿಲ ಸಂದಿಯಲ್ಲಿ ಕಾಡಿಗೆ ಹಚ್ಚಿದಂತೆ ಕಪ್ಪು. ಭರಮುನ ಪಾಲಿಶಿನ ಪುಣ್ಯದಿಂದ ಎಲ್ಲವೂ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಬಾಗಿಲ ಮುಂದೆ ಗಾಡಿ ನಿಂತಿತು. ಲಗಮಣ್ಣನ ಅಂಗೈ ರೂಢಿಯಂತೆ ಹಾರನ್ನಿನ ಮೇಲೆ ಹೋಯಿತು. ಕಟ್ಟೆಯ ಮೇಲಿಂದ ಗಿರಿಜವ್ವ ನೋಡುತ್ತಿದ್ದಳು. ಕೈ ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಅವನು ಬಾಗಿಲು ತೆರೆದು ಕೆಳಗಿಳಿದು, ಚಪ್ಪಲಿ ಬಿಟ್ಟು, ಕಟ್ಟೆ ಹತ್ತಿ ಬಂದ.

"ಬೀಗತೇರ, ಗಾಡಿ ತಂದೀನ್ರಿ. ಮಗಳನ್ನ ಕಳಸ್ರಿ," ಎಂದ.

ಕೆಂಪವ್ವ ಅವನನ್ನು ದಾಟಿ ಗಾಡಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ದೊಡ್ಡ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಆಮೇಲೆ ಆ ಮಾತು ಕಮ್ಮಿಯ ಹೆಂಗಸು ಸೆರಗು ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಅಯ್ ಶಿವನ! ಅರಿಷಿಣಕ್ಕ ಸೋಡಾ ಹಾಕೀರೇನ್ರಿ? ಇದಕ್ಕಿಂತ ಕರೇದ ಚಲೋ ಇತ್ತಲ್ರಿ ಬೀಗರ!"

ಓಣಿಗೆ ಓಣಿಯೇ ನಕ್ಕಿತು. ಶೇವಂತಾ ಹೊಟ್ಟೆ ಹಿಡಿದುಕೊಂಡು, "ಅಪ್ಪಾ, ಬ್ಯಾಡೋ, ನಗಿಸಬ್ಯಾಡೋ, ಇಲ್ಲೇ ಹಡದೇನು," ಎಂದಳು. ಲಗಮಣ್ಣನೂ ಮೊದಲು ಮುಖ ಗಂಟುಹಾಕಿ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ.

"ಮುಂದಿನ ತಿಂಗಳು ನಿಪ್ಪಾಣಿಗೆ ಒಯ್ದು ಎಲ್ಲಾ ಕೆರಿಸಿ, ಚಲೋತ್ನಂಗ ಹೊಡಸತೀನ್ರಿ," ಎಂದ.

"ಬ್ಯಾಡ್ರಿ," ಎಂದಳು ಕೆಂಪವ್ವ, ಸೊಸೆಯನ್ನು ತಾನೇ ಕೈಹಿಡಿದು ಗಾಡಿಯಲ್ಲಿ ಕೂರಿಸುತ್ತ. "ಇದ ಬಣ್ಣ ಇರಲಿ. ಇದು ಇರೂತನಕ ನೀವು ನಮ್ಮನಿಗೆ ನಡಕೋಂತ ಬರತೀರಿ."

ಗಿರಿಜವ್ವ ಮಗಳ ಪಕ್ಕ ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಲಗಮಣ್ಣ ಗಾಡಿ ಚಾಲೂ ಮಾಡಿದ. ಹುಣಸೆಮರ ದಾಟಿ ಕಾಗವಾಡದ ರಸ್ತೆ ಹಿಡಿಯುವವರೆಗೂ ಅವನು ಕೈಬೀಸಿದವರಿಗೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯಿಯಿಂದಲೇ ಹೋಗಿಬರುತ್ತೇನೆಂದು ಹೇಳಿದ.